ಹೆಸರಿಡುವ ಆತುರ

ಈ ಸಂಚಿಕೆಗೆ ಏನಾದರೊಂದು ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಇತಿಹಾಸದ ವಿದ್ಯಾರ್ಥಿಯಾದ ನಾನು ಯಾವುದೋ ರಾಜವಂಶದ ಮೇಲೆಯೋ ಹಾಳು ದೇಗುಲದ ಮೇಲೆಯೋ ಬರೆಯುವೆನೆಂದು ಅವರು ತಿಳಿದಿದ್ದಿರಬೇಕು. ಆದರೆ ನಾನು ಬರೆಯಹೊರಟಿರುವುದು ಒಂದು ಹಕ್ಕಿಯ ವಿಷಯ. ಅದೂ ನವಿಲಲ್ಲ, ಗಿಳಿಯಲ್ಲ. ಮೂವತ್ತೈದು ನಲವತ್ತು ಗ್ರಾಂ ತೂಗುವ, ಮಸಿಯಂತೆ ಕಪ್ಪಾದ, ಮೊಟ್ಟೆಯಿಡುವ ಕಾಲವನ್ನುಳಿದು ನೆಲವನ್ನೇ ಮುಟ್ಟದ ಒಂದು ಕಡಲ ಹಕ್ಕಿ. ಕಲಾ ವಿಭಾಗದವರಿಗೆ ಇದರಿಂದೇನು ಪ್ರಯೋಜನವೆಂದು ಕೇಳುವವರಲ್ಲಿ, ಒಂದೆರಡು ಪುಟ ತಾಳಿಕೊಳ್ಳಬೇಕೆಂದಷ್ಟೇ ನನ್ನ ಬಿನ್ನಹ.

ನಾನು ಒಳನಾಡಿನವನು. ಕೆರೆಯ ಏರಿಯ ಮೇಲೆ ಕುಳಿತು ಕೊಕ್ಕರೆ ಎಣಿಸಿ ಬೆಳೆದವನು. ನನ್ನ ಹಾಸ್ಟೆಲಿನ ಕೊಠಡಿಯ ಮಿತ್ರನ ಮನೆಯವರು ಮಲ್ಪೆಯವರು, ಮೀನುಗಾರಿಕೆಯವರು. ಅವನ ಒತ್ತಾಯದಿಂದ 2024ರ ಸೆಪ್ಟೆಂಬರಿನಲ್ಲಿ ಅವರ ದೋಣಿಯಲ್ಲಿ ಒಂದು ಹಗಲು ಕಡಲಿಗೆ ಹೋಗಿಬರುವ ಭಾಗ್ಯ ನನಗೊದಗಿತು. ಭಾಗ್ಯವೆಂದು ಈಗ ಹೇಳುತ್ತೇನೆ. ಸೇಂಟ್ ಮೇರೀಸ್ ದ್ವೀಪವನ್ನು ದಾಟಿ ಅಲೆ ದೊಡ್ಡದಾದ ಮೇಲೆ ಎರಡು ಗಂಟೆ ಕಾಲ ನಾನು ಪಟ್ಟ ಪಾಡನ್ನು ನೋಡಿದವರು ಹಾಗೆ ಹೇಳುತ್ತಿರಲಿಲ್ಲ. ದಡ ಕಾಣದಾಯಿತು. ಬಲೆ ಎಳೆಯುವ ಹೊತ್ತಿಗೆ ನನಗೂ ತಲೆಯೆತ್ತಿ ನೋಡುವಷ್ಟು ಚೈತನ್ಯ ಬಂದಿತ್ತು. ಆಗ ಕಂಡವು.

ಮೊದಲು ಒಂದು, ಆಮೇಲೆ ಇನ್ನೆರಡು. ನೀರಿನ ಮೈಗೆ ತಾಗಿದಂತೆ, ಅಲೆಯ ಇಳಿಜಾರಿನಲ್ಲಿ ಇಳಿದು ಮುಂದಿನ ಅಲೆಯ ಬೆನ್ನೇರಿ ಮತ್ತೆ ಮರೆಯಾಗುತ್ತಿದ್ದವು. ಒಂದಂತೂ ದೋಣಿಯ ಹಿಂದೆಯೇ ಬಂದು, ರೆಕ್ಕೆಗಳನ್ನು ಮೇಲಕ್ಕೆ ಹಿಡಿದು, ಉದ್ದವಾದ ಕಡ್ಡಿಗಾಲುಗಳಿಂದ ನೀರನ್ನು ತಟ್ಟುತ್ತ ತಟ್ಟುತ್ತ, ನಡೆಯುವುದೋ ಹಾರುವುದೋ ತಿಳಿಯದಂತೆ ಒಂದೇ ಸ್ಥಳದಲ್ಲಿ ಕುಣಿಯಿತು. ಮೈಯೆಲ್ಲ ಕಪ್ಪು, ಬಾಲದ ಬುಡದಲ್ಲಿ ಮಾತ್ರ ಸುಣ್ಣದ ಪಟ್ಟಿ ಎಳೆದಂತೆ ಬಿಳುಪು. ನಾನು ಹಿಂದಿನ ರಾತ್ರಿ ಪುಸ್ತಕ ಓದಿಕೊಂಡೇ ಹೋಗಿದ್ದೆ. "ವಿಲ್ಸನ್ ಸ್ಟಾರ್ಮ್ ಪೆಟ್ರೆಲ್!" ಎಂದು ಕೂಗಿದೆ. ಟಿಪ್ಪಣಿಪುಸ್ತಕ ತೆಗೆದು, ಒದ್ದೆಗೈಯಲ್ಲೇ, "ವಿಲ್ಸನ್ ಪೆಟ್ರೆಲ್: 3" ಎಂದು ಬರೆದೆ.

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು, ಈ ಹಕ್ಕಿಗೆ ನಿಮ್ಮಲ್ಲಿ ಏನೆನ್ನುತ್ತಾರೆಂದು ಕೇಳಿದೆ. ಅವರು ತಲೆಯೆತ್ತದೆ, "ತಿನ್ನುವುದಕ್ಕೆ ಬರುವುದಿಲ್ಲ, ಬಲೆಯನ್ನು ಹರಿಯುವುದೂ ಇಲ್ಲ, ಅದಕ್ಕೆ ಹೆಸರು ಯಾತಕ್ಕೆ?" ಎಂದರು. ನನಗೆ ನಗು ಬಂತು. ಪಾಪ, ತಿಳಿಯದವರು ಎಂದುಕೊಂಡೆ. ನಗಬೇಕಾದವರು ಯಾರೆಂಬುದು ಒಂದು ವಾರದ ಮೇಲೆ ಗೊತ್ತಾಯಿತು.

ಕಾಲೇಜಿಗೆ ಹಿಂತಿರುಗಿ, ಗೋಡೆಪತ್ರಿಕೆಯಲ್ಲಿ ನನ್ನ ಸಾಹಸವನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿಯಾಗಿತ್ತು. ಆ ಮೇಲೆ ನನ್ನ ಮಿತ್ರ ತನ್ನ ಕ್ಯಾಮೆರಾದ ಚಿತ್ರಗಳನ್ನು ದೊಡ್ಡದು ಮಾಡಿ ತೋರಿಸಿದ. ಹತ್ತರಲ್ಲಿ ಒಂಬತ್ತು ಬರಿಯ ನೀರು. ಒಂದರಲ್ಲಿ ಮಾತ್ರ ಹಕ್ಕಿಯಿತ್ತು. ಅದರ ಬಾಲದ ಬುಡದಲ್ಲಿ ಬಿಳುಪಿನ ಸುಳಿವೇ ಇಲ್ಲ! ಬಾಲದ ತುದಿಯೂ ಚೌಕವಾಗಿರದೆ ಕವಲೊಡೆದಂತೆ ತೋರಿತು. ಮೂರರಲ್ಲಿ ಒಂದು ವಿಲ್ಸನ್ ಹಕ್ಕಿಯೆಂಬುದರಲ್ಲಿ ಈಗಲೂ ನನಗೆ ಸಂಶಯವಿಲ್ಲ. ಆದರೆ ಉಳಿದೆರಡನ್ನು ನಾನು ನೋಡಿರಲೇ ಇಲ್ಲ. ನೋಡಿದೆನೆಂದು ಬರೆದಿದ್ದೆ, ಅಷ್ಟೆ.

ಕಡಲಿನಲ್ಲಿ ಹಕ್ಕಿಯನ್ನು ಗುರುತಿಸುವುದು ಕೆರೆಯ ಏರಿಯ ಕೆಲಸವಲ್ಲವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನೆಲದ ಮೇಲೆ ಹಕ್ಕಿಯ ಗಾತ್ರವನ್ನು ಅಳೆಯಲು ಒಂದು ಎಲೆಯೋ ತಂತಿಯೋ ಬೇಲಿಯ ಗೂಟವೋ ಇರುತ್ತದೆ. ಕಡಲಿನಲ್ಲಿ ಅಳತೆಗೋಲೆಂಬುದೇ ಇಲ್ಲ. ಹತ್ತಿರದ ಚಿಕ್ಕ ಹಕ್ಕಿಯೂ ದೂರದ ದೊಡ್ಡ ಹಕ್ಕಿಯೂ ಒಂದೇ. ನಾವು ನಿಂತ ನೆಲವೇ ಅಲ್ಲಾಡುತ್ತದೆ. ದೂರದರ್ಶಕವನ್ನು ಕಣ್ಣಿಗೆ ಹಿಡಿದರೆ ಒಮ್ಮೆ ಆಕಾಶ, ಒಮ್ಮೆ ನೀರು. ಬೆಳಕಿನದು ಮತ್ತೊಂದು ಮೋಸ. ನಮ್ಮ ಕರಾವಳಿಯಿಂದ ಬೆಳಗ್ಗೆ ಪಡುವಣಕ್ಕೆ ಹೋದವರಿಗೆ, ದಡದ ಕಡೆಗಿರುವ ಹಕ್ಕಿಗಳೆಲ್ಲ ಸೂರ್ಯನಿಗೆ ಎದುರಾಗಿ ಕಪ್ಪಾಗಿಯೇ ಕಾಣುತ್ತವೆ. ಹಾಗೆಯೇ, ನೆನೆದ ಕರಿಯ ಗರಿಯ ಮೇಲೆ ಬಿಸಿಲು ಹೊಳೆದರೆ ಇಲ್ಲದ ಬಿಳುಪು ಇದ್ದಂತೆ ತೋರುತ್ತದೆ. ನನ್ನ ಉಳಿದೆರಡು ಹಕ್ಕಿಗಳೂ ಪೂರ್ವಕ್ಕಿದ್ದವು.

ಅರಬ್ಬೀ ಸಮುದ್ರದಲ್ಲಿ ಈ ಜಾತಿಯ ಹಕ್ಕಿಗಳನ್ನು ನೋಡಿದವರು ಮುಖ್ಯವಾಗಿ ಎರಡನ್ನು ಬೇರ್ಪಡಿಸಬೇಕಾಗುತ್ತದೆ. ಒಂದು ವಿಲ್ಸನ್ನನದು. ಅದರ ಬಾಲ ಚೌಕ, ಹಾರುವಾಗ ಪಾದಗಳು ಬಾಲವನ್ನು ಮೀರಿ ಹಿಂದಕ್ಕೆ ಚಾಚಿರುತ್ತವೆ, ಪೃಷ್ಠದ ಬಿಳಿ ಪಟ್ಟಿ ಎರಡೂ ಪಕ್ಕಗಳಿಗೆ ಸುತ್ತಿಕೊಂಡಿರುತ್ತದೆ. ಬೆರಳುಗಳ ನಡುವಿನ ಚರ್ಮ ಹಳದಿ. ಆದರೆ ಅದನ್ನು ಕಡಲಿನಲ್ಲಿ ಕಂಡವರು ಅದೃಷ್ಟವಂತರು. ಇನ್ನೊಂದು ಸ್ವಿನ್‌ಹೋ ಎಂಬವನ ಹೆಸರಿನದು. ಇದು ಪೂರ್ತಿ ಕಂದುಗಪ್ಪು, ಬಿಳಿ ಪಟ್ಟಿಯಿಲ್ಲ, ಬಾಲ ತುಸು ಕವಲು, ರೆಕ್ಕೆಯ ಹೊರಗರಿಗಳ ದಂಟಿನ ಬುಡದಲ್ಲಿ ಮಾತ್ರ ಬಿಳಿಯ ಚುಕ್ಕೆ; ಅದೂ ತೀರ ಹತ್ತಿರ ಬಂದರೆ. ಪುಸ್ತಕದಲ್ಲಿ ಓದಲು ಎಷ್ಟು ಸುಲಭ! ನಾಲ್ಕು ಸೆಕೆಂಡಿನಲ್ಲಿ ಇವೆಲ್ಲವನ್ನೂ ನೋಡಬೇಕು ಎಂಬುದೊಂದನ್ನು ಮಾತ್ರ ಪುಸ್ತಕ ಹೇಳಿರಲಿಲ್ಲ.

ಎರಡೂ ಬರುವ ದಾರಿಯನ್ನು ನೆನೆದರೆ ನನಗಂತೂ ಮೈ ಜುಮ್ಮೆನ್ನುತ್ತದೆ. ವಿಲ್ಸನ್ ಹಕ್ಕಿ ಮೊಟ್ಟೆಯಿಡುವುದು ಅಂಟಾರ್ಕ್ಟಿಕದ ದಡದಲ್ಲಿ ಮತ್ತು ಅದರ ಸುತ್ತಣ ದ್ವೀಪಗಳಲ್ಲಿ, ಬಂಡೆಯ ಬಿರುಕಿನೊಳಗೆ. ಒಂದೇ ಒಂದು ಮೊಟ್ಟೆ. ದೊಡ್ಡ ಹಕ್ಕಿಗಳು ಹಿಡಿದು ತಿಂದಾವೆಂಬ ಭಯದಿಂದ ಗೂಡಿಗೆ ಬಂದುಹೋಗುವುದೆಲ್ಲ ಕತ್ತಲೆಯಲ್ಲಿ. ಅಲ್ಲಿ ಚಳಿಗಾಲ ಕವಿದಾಗ ಭೂಮಧ್ಯರೇಖೆಯನ್ನು ದಾಟಿ ಉತ್ತರಕ್ಕೆ ಬರುತ್ತದೆ. ಅದರ ಚಳಿಗಾಲ ನಮ್ಮ ಮಳೆಗಾಲ. ಸ್ವಿನ್‌ಹೋ ಹಕ್ಕಿ ಜಪಾನ್, ಕೊರಿಯ, ಚೀನ ದೇಶಗಳ ದ್ವೀಪಗಳಲ್ಲಿ ಮರಿಮಾಡಿ ಪಶ್ಚಿಮಕ್ಕೆ ನಮ್ಮ ಸಮುದ್ರಕ್ಕೆ ಬರುವಂಥದು. ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಣ್ಣಿನ ಮೇಲಣ ಗ್ರಂಥಿಗಳಿಂದ ಸೋಸಿ ಮೂಗಿನ ಕೊಳವೆಯಿಂದ ಹೊರಹಾಕಿ ಬದುಕುತ್ತವೆ. ವಾಸನೆಯಿಂದಲೇ ಆಹಾರವನ್ನು ಪತ್ತೆಮಾಡುತ್ತವೆ. ಕಡಲಿನ ಸೂಕ್ಷ್ಮ ಸಸ್ಯಗಳನ್ನು ಸಣ್ಣ ಜೀವಿಗಳು ಮೇಯುವಾಗ ಹೊರಡುವ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ವಾಸನೆಯನ್ನು ಈ ವರ್ಗದ ಹಕ್ಕಿಗಳು ಹಿಂಬಾಲಿಸುತ್ತವೆಂಬುದನ್ನು 1995ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ನಮ್ಮ ದೋಣಿಯ ಹಿಂದೆ ಅವು ಬಂದದ್ದು ನನ್ನನ್ನು ನೋಡಲಲ್ಲ, ಬಲೆಯಿಂದ ಸುರಿದ ಮೀನಿನ ಕಲ್ಮಷದ ವಾಸನೆಗೆ.

ಇಷ್ಟು ದೂರದಿಂದ ಬಂದ ಅತಿಥಿಗೆ ನಾನು ಸುಳ್ಳು ಹೆಸರನ್ನು ಕೊಟ್ಟು ಕಳುಹಿಸಿದ್ದೆ.

ಗೋಡೆಪತ್ರಿಕೆಯಲ್ಲಿ ತಿದ್ದುಪಡಿ ಹಾಕಬೇಕೆಂದು ಹೊರಟೆ. "ಮೂರರಲ್ಲಿ ಒಂದು ವಿಲ್ಸನ್, ಎರಡು ಗುರುತಾಗಲಿಲ್ಲ" ಎಂಬ ಒಂದು ಸಾಲು. ಅದಕ್ಕೆ ಬಂದ ವಿರೋಧವೇ ಈ ಲೇಖನಕ್ಕೆ ಕಾರಣ. ಮಿತ್ರರು, "ಇಷ್ಟಕ್ಕೆ ಯಾಕೆ ಮರ್ಯಾದೆ ಕಳೆದುಕೊಳ್ಳುತ್ತೀಯೆ? ಯಾರು ಹೋಗಿ ನೋಡುತ್ತಾರೆ?" ಎಂದರು. ನಾನು ಗೌರವಿಸುವ ಹಿರಿಯರೊಬ್ಬರು, "ಗುರುತಾಗಲಿಲ್ಲವೆಂದು ಬರೆಯುವುದು ಬರೆಯದೆ ಇದ್ದಂತೆಯೇ, ಪಟ್ಟಿ ಪೂರ್ಣವಾಗಿದ್ದರೆ ಚೆಂದ" ಎಂದರು. ಅವರ ಮಾತನ್ನು ಅಲ್ಲಿ ಎದುರಾಡಲು ನನಗೆ ನಾಲಿಗೆ ಬರಲಿಲ್ಲ. ಇಲ್ಲಿ, ವಿನಯದಿಂದಲೇ, ಆದರೆ ಸ್ಪಷ್ಟವಾಗಿ, ಒಪ್ಪುವುದಿಲ್ಲವೆಂದು ಹೇಳುತ್ತೇನೆ.

ಇತಿಹಾಸದ ವಿದ್ಯಾರ್ಥಿಗಳಾದ ನಾವು ಶಾಸನಗಳ ಸಂಪುಟಗಳನ್ನು ತಿರುವಿಹಾಕಿದ್ದೇವೆ. 1886ರಲ್ಲಿ ಬಿ. ಎಲ್. ರೈಸ್ ಅವರು ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ನಮ್ಮ ಗ್ರಂಥಾಲಯದಲ್ಲಿಯೂ ಧೂಳು ಹೊದ್ದು ನಿಂತಿದೆ. ಅದರ ಯಾವ ಪುಟವನ್ನು ತೆರೆದರೂ ಸಾಲಿನ ನಡುವೆ ಚುಕ್ಕಿಗಳು ಕಾಣುತ್ತವೆ. ಕಲ್ಲು ಸವೆದು ಅಕ್ಷರ ಹೋಗಿದೆ. ಓದಿದವರು ಅಲ್ಲಿ ಚುಕ್ಕಿಯಿಟ್ಟಿದ್ದಾರೆ. ಆ ವಿದ್ವಾಂಸರಿಗೆ ಅಲ್ಲಿ ಯಾವ ಪದ ಇದ್ದಿರಬಹುದೆಂಬ ಊಹೆ ಇರಲಿಲ್ಲವೆ? ನಮಗೆಲ್ಲರಿಗಿಂತ ಚೆನ್ನಾಗಿಯೇ ಇತ್ತು. ಆದರೂ ಕಲ್ಲಿನಲ್ಲಿ ಕಾಣದ್ದನ್ನು ಕಾಗದದಲ್ಲಿ ಕೆತ್ತಲಿಲ್ಲ. ಆ ಚುಕ್ಕಿಗಳು ಇರುವುದರಿಂದಲೇ ಉಳಿದ ಅಕ್ಷರಗಳನ್ನು ನಾವು ನಂಬುತ್ತೇವೆ. ಶಾಸನಕ್ಕೆ ಸಲ್ಲುವ ಈ ನ್ಯಾಯ ಹಕ್ಕಿಗೆ ಯಾಕೆ ಸಲ್ಲಬಾರದು? ನನ್ನ "ಎರಡು ಗುರುತಾಗಲಿಲ್ಲ" ಎಂಬುದು ಅಂಥ ಎರಡು ಚುಕ್ಕಿ.

ಇದರಲ್ಲಿ ನನ್ನೊಬ್ಬನದೇ ಅವಸರವಲ್ಲವೆಂಬುದು ಆಮೇಲೆ ಓದಿ ತಿಳಿದು ಸಮಾಧಾನವಾಯಿತು. ಈ ಹಕ್ಕಿಗೆ ಹೆಸರಾದ ಅಲೆಕ್ಸಾಂಡರ್ ವಿಲ್ಸನ್ ಸ್ಕಾಟ್ಲೆಂಡಿನ ನೇಕಾರ, ಕವಿ. 1794ರಲ್ಲಿ ಬಡತನದಿಂದ ಅಮೆರಿಕಕ್ಕೆ ಹೋಗಿ ಶಾಲಾ ಮಾಸ್ತರನಾಗಿ, ಆ ದೇಶದ ಹಕ್ಕಿಗಳ ಮೇಲೆ ಸಂಪುಟ ಸಂಪುಟವಾಗಿ ಬರೆದು 1813ರಲ್ಲಿ ತೀರಿಕೊಂಡವನು. ಸ್ವಾರಸ್ಯವೆಂದರೆ, ತನ್ನ ಹೆಸರಿನ ಹಕ್ಕಿಯನ್ನು ಅವನೇ ಸರಿಯಾಗಿ ಗುರುತಿಸಿರಲಿಲ್ಲ! ಅಟ್ಲಾಂಟಿಕಿನಲ್ಲಿ ಅದನ್ನು ಹೊಡೆದು, ಕೈಯಲ್ಲಿ ಹಿಡಿದು, ಯೂರೋಪಿನ ಪೆಟ್ರೆಲ್ ಎಂದೇ ಬಗೆದು ಪುಸ್ತಕದಲ್ಲಿ ಸೇರಿಸಿದ. ಯೂರೋಪಿನದಕ್ಕೆ ಕಾಲು ಗಿಡ್ಡ, ರೆಕ್ಕೆಯಡಿಯಲ್ಲಿ ಬಿಳಿಗೆರೆ, ಬೆರಳ ಚರ್ಮದಲ್ಲಿ ಹಳದಿಯಿಲ್ಲ. ಇವೆರಡೂ ಬೇರೆಯೆಂದು ಅಮೆರಿಕದಲ್ಲಿ ತೋರಿಸಿಕೊಟ್ಟವನು ಬೋನಪಾರ್ಟ್ ಎಂಬ ಪಕ್ಷಿಶಾಸ್ತ್ರಜ್ಞ. ನೆಪೋಲಿಯನ್ ಚಕ್ರವರ್ತಿಯ ತಮ್ಮನ ಮಗ. ತಪ್ಪನ್ನು ತೋರಿಸಿಯೂ ತಪ್ಪು ಮಾಡಿದವನ ಹೆಸರನ್ನೇ ಹಕ್ಕಿಗಿಟ್ಟು ಗೌರವಿಸಿದ್ದು ದೊಡ್ಡತನವೆನ್ನಬೇಕು. ಅದಕ್ಕೂ ಮುಂಚೆ, 1820ರಲ್ಲಿ, ಹೈನ್ರಿಕ್ ಕೂಲ್ ಎಂಬ ಜರ್ಮನ್ ತರುಣ ಶಾಸ್ತ್ರೀಯ ಹೆಸರನ್ನು ಕೊಟ್ಟಾಗಿತ್ತು. ಮರುವರ್ಷ ಅವನು ಜಾವಾ ದ್ವೀಪದಲ್ಲಿ ತೀರಿಕೊಂಡಾಗ ಅವನಿಗೆ ವಯಸ್ಸು ಇಪ್ಪತ್ತಮೂರು. ನಮ್ಮಲ್ಲಿ ಕೆಲವರು ಆ ವಯಸ್ಸಿಗೆ ಬಿ.ಎ. ಮುಗಿಸುವುದಿಲ್ಲ, ಅದು ಬೇರೆ ಮಾತು.

ಸ್ವಿನ್‌ಹೋ ನಮ್ಮ ನೆಲದಲ್ಲಿಯೇ ಹುಟ್ಟಿದವನು: 1836ರಲ್ಲಿ, ಕಲ್ಕತ್ತೆಯಲ್ಲಿ. ಚೀನದಲ್ಲಿ ಬ್ರಿಟಿಷ್ ಕಾನ್ಸಲ್ ಆಗಿ ಕೆಲಸಮಾಡುತ್ತ 1867ರಲ್ಲಿ ಈ ಹಕ್ಕಿಯನ್ನು ವರ್ಣಿಸಿದ. ಅದು ಎಷ್ಟು ಕಷ್ಟದ ಹಕ್ಕಿಯೆಂಬುದಕ್ಕೆ ಒಂದು ನಿದರ್ಶನ: 1989ರಲ್ಲಿ ಇಂಗ್ಲೆಂಡಿನ ಟೈನ್‌ಮೌತ್ ಎಂಬಲ್ಲಿ ರಾತ್ರಿ ಹೊತ್ತು ಬಲೆಯಲ್ಲಿ ಹಿಡಿದ ಕರಿಯ ಪೆಟ್ರೆಲ್ ಒಂದನ್ನು ಕೈಯಲ್ಲಿ ಹಿಡಿದು ಅಳೆದವರಿಗೂ ಅದು ಯಾವುದೆಂದು ಒಮ್ಮತವಾಗಲಿಲ್ಲ, ಕಡೆಗೆ ಡಿ.ಎನ್.ಎ. ಪರೀಕ್ಷೆಯೇ ಸ್ವಿನ್‌ಹೋ ಎಂದು ತೀರ್ಮಾನ ಹೇಳಬೇಕಾಯಿತು. ಕೈಯಲ್ಲಿದ್ದವರಿಗೆ ಹೀಗಾದರೆ, ಹೊಟ್ಟೆ ತೊಳಸುತ್ತ ದೋಣಿಯ ಕಂಬ ಹಿಡಿದು ನಿಂತವನ ಗತಿಯೇನು?

ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ್ದು ನ್ಯೂಜಿಲೆಂಡಿನ ಪೆಟ್ರೆಲ್ಲಿನ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಕಡಲಿನಿಂದ ಮೂರು ಹಕ್ಕಿಗಳ ಚರ್ಮಗಳು ಯೂರೋಪಿಗೆ ಬಂದವು: ಎರಡು ಪ್ಯಾರಿಸಿನ ಸಂಗ್ರಹಾಲಯದಲ್ಲಿ, ಒಂದು ಇಂಗ್ಲೆಂಡಿನಲ್ಲಿ. ವಿಲ್ಸನ್ ಹಕ್ಕಿಯಂತೆಯೇ ಮೇಲೆ ಕಪ್ಪು, ಪೃಷ್ಠ ಬಿಳುಪು; ಆದರೆ ಹೊಟ್ಟೆ ಬಿಳಿ, ಅದರ ಮೇಲೆ ಕಪ್ಪು ಗೀರುಗಳು. 1932ರಲ್ಲಿ ಗ್ರೆಗರಿ ಮ್ಯಾಥ್ಯೂಸ್ ಇದು ಬೇರೆ ಜಾತಿಯೆಂದು ಹೆಸರಿಟ್ಟ. ಆದರೆ 1952ರಲ್ಲಿ, ಕಡಲ ಹಕ್ಕಿಗಳ ವಿಷಯದಲ್ಲಿ ಪ್ರಮಾಣಪುರುಷನೆನಿಸಿದ್ದ ರಾಬರ್ಟ್ ಕುಶ್ಮನ್ ಮರ್ಫಿ ಮತ್ತು ಅವನ ಜೊತೆಗಾರ, ಇವು ವಿಲ್ಸನ್ ಹಕ್ಕಿಯಲ್ಲಿಯೇ ಬಣ್ಣ ಕೆಟ್ಟಂಥವು ಎಂಬ ಕಡೆಗೆ ವಾಲಿದರು. ಇನ್ನು ಕೆಲವರು, ಬೇರೆ ಜಾತಿಯೇ ಇರಬಹುದು, ಆದರೆ ನಿರ್ವಂಶವಾಗಿದೆ ಎಂದರು. ಒಟ್ಟಿನಲ್ಲಿ ಕಡತ ಮುಚ್ಚಿತು.

2003ರ ಜನವರಿಯಲ್ಲಿ ನ್ಯೂಜಿಲೆಂಡಿನ ಕೋರಮಂಡಲ್ ಜಂಬೂದ್ವೀಪದ ಕಡೆಯ ಕಡಲಿನಲ್ಲಿ—ಹೌದು, ನಮ್ಮ ಕೋರಮಂಡಲ ತೀರದ ಹೆಸರೇ, ಅದೇ ಹೆಸರಿನ ಹಡಗೊಂದರ ಮೂಲಕ ಅಲ್ಲಿಗೆ ಹೋದದ್ದು. ಜಂಬೂದ್ವೀಪವೆಂದು ಬರೆದದ್ದು ನನ್ನ ಕೈತಪ್ಪು, ಪರ್ಯಾಯದ್ವೀಪವೆಂದು ಓದಿಕೊಳ್ಳಿ—ಕಡಲಯಾನಕ್ಕೆ ಹೋದವರಿಗೆ ಹೊಟ್ಟೆಯಲ್ಲಿ ಗೀರುಗಳಿದ್ದ ಒಂದು ಪೆಟ್ರೆಲ್ ಕಂಡಿತು. ಅವರು ಚಿತ್ರ ತೆಗೆದರು. ಆ ವರ್ಷದ ನವೆಂಬರಿನಲ್ಲಿ ಹೌರಾಕಿ ಕೊಲ್ಲಿಯಲ್ಲಿ ಬೇರೆ ಇಬ್ಬರಿಗೆ ಒಂದಲ್ಲ, ಹಲವಾರು ಹಕ್ಕಿಗಳು ಕಂಡವು. ಸಂಗ್ರಹಾಲಯದ ಮೂರು ಒಣ ಚರ್ಮಗಳೊಂದಿಗೆ ಚಿತ್ರಗಳು ಹೊಂದಿದವು. 2013ರಲ್ಲಿ ಲಿಟಲ್ ಬ್ಯಾರಿಯರ್ ದ್ವೀಪದಲ್ಲಿ ಅವು ಮರಿಮಾಡುವ ಸ್ಥಳವೇ ಸಿಕ್ಕಿತು. ಆ ದ್ವೀಪ ಯಾವುದೋ ಧ್ರುವದ ಬಳಿಯಿಲ್ಲ. ಆ ದೇಶದ ಅತಿ ದೊಡ್ಡ ನಗರವಾದ ಆಕ್ಲೆಂಡಿನ ನೆರೆಯ ಕಡಲಿನಲ್ಲಿದೆ. ಅಲ್ಲಿ ಬೆಕ್ಕುಗಳನ್ನು 1980ರಲ್ಲಿ, ಇಲಿಗಳನ್ನು 2004ರಲ್ಲಿ ನಿರ್ಮೂಲಮಾಡಿದರು. ಅಲ್ಲಿಯತನಕ ಈ ಬಡಪಾಯಿಗಳು ಹೇಗೆ ಉಳಿದವೋ!

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಮರ್ಫಿಯಂಥ ಪಂಡಿತನ ಕಡೆ ಬೆರಳು ತೋರಿಸುವ ಯೋಗ್ಯತೆ ನನಗಿಲ್ಲ. ಅವನಿಗಿದ್ದ ಸಾಕ್ಷ್ಯ ಮೂರೇ ಚರ್ಮ. ಆದರೆ "ವಿಲ್ಸನ್" ಎಂಬ ಸಿದ್ಧವಾದ ಹೆಸರೊಂದು ಕೈಗೆ ಸಿಕ್ಕಿದೊಡನೆ ಕಣ್ಣಿಗೆ ಕೆಲಸ ತಪ್ಪುತ್ತದೆ ಎಂಬುದನ್ನು ನನ್ನ ಅನುಭವದಿಂದ ಬಲ್ಲೆ. ನಾನು ಮೊದಲ ಹಕ್ಕಿಯನ್ನು ನಿಜವಾಗಿ ನೋಡಿದೆ. ಹೆಸರು ಬಾಯಿಗೆ ಬಂತು. ಎರಡನೆಯದನ್ನೂ ಮೂರನೆಯದನ್ನೂ ಆ ಹೆಸರೇ ನೋಡಿತು, ನಾನು ನೋಡಲಿಲ್ಲ.

ಹಾಗಾದರೆ ಬಲೆ ಬಿಡಿಸುತ್ತಿದ್ದ ಆ ಹಿರಿಯರ ಮಾತೇ ಸರಿಯೆ, ಹೆಸರೇ ಬೇಡವೆ? ಅದನ್ನೂ ನಾನು ಒಪ್ಪಲಾರೆ. ಹೆಸರಿಲ್ಲದ್ದನ್ನು ಯಾರೂ ಕಾಪಾಡುವುದಿಲ್ಲ. ನ್ಯೂಜಿಲೆಂಡಿನವರು ಆ ಹಕ್ಕಿಯ ಗೂಡನ್ನು ಹುಡುಕಿ ಹೊರಟದ್ದು, ಅದು ಬೇರೆಯೆಂದು ಮನವರಿಕೆಯಾದ ಮೇಲೆಯೇ ತಾನೆ? ನನ್ನ ವಾದವಿಷ್ಟೆ: ಹೆಸರು ಕಡೆಯಲ್ಲಿ ಬರಬೇಕು, ಮೊದಲಲ್ಲಿ ಅಲ್ಲ. ದೋಣಿಯಲ್ಲಿ ನಿಂತವನು ಪುಸ್ತಕವನ್ನು ಚೀಲದಲ್ಲಿಯೇ ಇಟ್ಟಿರಲಿ. ಸೂರ್ಯ ಯಾವ ಕಡೆ, ಹಕ್ಕಿ ಯಾವ ಕಡೆ, ಎಷ್ಟು ಸೆಕೆಂಡು ಕಂಡಿತು, ಇದನ್ನು ಮೊದಲು ಬರೆಯಲಿ. ಯಾಕೆಂದರೆ ಮುಂದೆ ಬರೆಯುವುದೆಲ್ಲದರ ಬೆಲೆ ಇದರ ಮೇಲೆ ನಿಂತಿದೆ. ಆಮೇಲೆ ಹಾರಾಟ: ತೇಲಿತೆ, ಪಟಪಟನೆ ಬಡಿಯಿತೆ, ಕಾಲಿನಿಂದ ನೀರು ತಟ್ಟಿತೆ. ಆಮೇಲೆ ಬಾಲ, ಪೃಷ್ಠ, ಕಾಲು. ಕಾಣದಿದ್ದುದಕ್ಕೆ ಕಾಣಲಿಲ್ಲವೆಂದೇ ಬರೆಯಲಿ. ದಡ ಸೇರಿ, ಮುಖ ತೊಳೆದು, ಗಂಜಿ ಕುಡಿದು, ಪುಸ್ತಕ ತೆರೆಯಲಿ.

ನಮ್ಮ ಕರಾವಳಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಸುಮಾರು ಮುನ್ನೂರು ಕಿಲೋಮೀಟರು ಉದ್ದದ ತೀರ ನಮಗಿದೆ. ಮೀನುಗಳ ಸಂತತಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅದು ನ್ಯಾಯವೇ. ಆದರೆ ದಕ್ಷಿಣದ ಹಕ್ಕಿಗಳು ನಮ್ಮ ಸಮುದ್ರದಲ್ಲಿರುವ ಕಾಲದ ಒಳ್ಳೆಯ ಭಾಗ ಅದೇ ಎರಡು ತಿಂಗಳು. ಹೀಗಾಗಿ ಅವುಗಳನ್ನು ಕಂಡವರ ಬರಹ ಬಹಳ ಕಡಿಮೆ. ಕೆರೆಯ ಕೊಕ್ಕರೆಯನ್ನು ನಾನು ತಪ್ಪಾಗಿ ಬರೆದರೆ ನಾಳೆ ನೂರು ಜನ ತಿದ್ದುತ್ತಾರೆ. ಮೂವತ್ತು ಕಿಲೋಮೀಟರು ಆಚೆಯ ಪೆಟ್ರೆಲ್ಲನ್ನು ತಪ್ಪಾಗಿ ಬರೆದರೆ ತಿದ್ದುವವರು ಯಾರು? ಇಂದು ಪಟ್ಟಿಯನ್ನು ಮೊಬೈಲಿನಿಂದಲೇ ಲೋಕಕ್ಕೆಲ್ಲ ಕಳುಹಿಸಬಹುದು. "ಯಾರು ಹೋಗಿ ನೋಡುತ್ತಾರೆ" ಎಂದ ಮಿತ್ರರು ತಮಗರಿಯದೆಯೇ ನನ್ನ ಪಕ್ಷದ ಬಲವಾದ ಕಾರಣವನ್ನು ಹೇಳಿದರು: ಯಾರೂ ಹೋಗಿ ನೋಡುವುದಿಲ್ಲ, ಆದುದರಿಂದಲೇ.

ತಿದ್ದುಪಡಿಯನ್ನು ನಾನು ಅಂಟಿಸಿದೆ. ಎರಡು ದಿನ ನನ್ನನ್ನು "ಗುರುತಾಗಲಿಲ್ಲ" ಎಂಬ ಅಡ್ಡಹೆಸರಿನಿಂದ ಕರೆದರು. ಮೂರನೆಯ ದಿನ ಕ್ರಿಕೆಟ್ ಪಂದ್ಯ ಬಂದು ನನ್ನನ್ನು ಮರೆತರು. ಮಿತ್ರನ ಚಿತ್ರದಲ್ಲಿದ್ದ ಹಕ್ಕಿ ಸ್ವಿನ್‌ಹೋ ಇರಬಹುದೆಂದು ಕೆಲವರು ಹೇಳುತ್ತಾರೆ. ಕವಲು ಬಾಲವೇನೋ ಹೌದು. ಆದರೆ ರೆಕ್ಕೆಯ ದಂಟಿನ ಬಿಳುಪು ಆ ಚಿತ್ರದಲ್ಲಿ ತಿಳಿಯುವುದಿಲ್ಲ, ಬಾಲ ತಿರುಗಿದ ಕೋನದಿಂದಲೂ ಕವಲಿನಂತೆ ಕಂಡಿರಬಹುದು. ಟಿಪ್ಪಣಿಪುಸ್ತಕದ ಆ ಪುಟದಲ್ಲಿ "ವಿಲ್ಸನ್ ಪೆಟ್ರೆಲ್: 3" ಎಂಬುದನ್ನು ಅಳಿಸದೆ ಅಡ್ಡಗೆರೆ ಎಳೆದಿದ್ದೇನೆ. ಕೆಳಗೆ ಈಗ ಹೀಗಿದೆ: ಒಂದು, ವಿಲ್ಸನ್, ದೋಣಿಯ ಹಿಂದೆ, ಒಳ್ಳೆಯ ಬೆಳಕು. ಎರಡು, ಪೂರ್ವಕ್ಕೆ, ಸೂರ್ಯನಿಗೆ ಎದುರು, ನಾಲ್ಕು ಸೆಕೆಂಡು, ಕಪ್ಪು, ಬಾಲ. . . . ; ಪೃಷ್ಠ . . . . ; ಕಾಲು . . . .